ಜೋಡಿಯ ಹಿಂದೆ ಹೋದವಳು

ಅಂಡಮಾನಿಗೆ ಹೋಗಿ ಬಂದ ಹೊಸ ಜೋಡಿಗಳ ಫೋಟೊಗಳಲ್ಲಿ ಸಾಮಾನ್ಯವಾಗಿ ಇಬ್ಬರಿರುತ್ತಾರೆ. ನನ್ನ ತಂಗಿಯ ಫೋಟೊಗಳಲ್ಲಿ ಮೂವರಿದ್ದೇವೆ. ಮೂರನೆಯವಳು ನಾನು. ಕೆಲವು ಫೋಟೊಗಳಲ್ಲಂತೂ ನಡುವೆಯೇ ನಿಂತಿದ್ದೇನೆ.

ಇದು ಹೇಗಾಯಿತು ಎಂದು ಕೇಳಿದವರಿಗೆಲ್ಲ ನಾನು "ಪದ್ಧತಿ" ಎಂದು ಹೇಳುತ್ತ ಬಂದಿದ್ದೇನೆ. ಅದು ಅರ್ಧ ನಿಜ. ಉಳಿದ ಅರ್ಧವನ್ನು ಈಗ ಬರೆಯುತ್ತಿದ್ದೇನೆ. ತಂಗಿಯ ಗಂಡ ಮೋಟಾರಿನ ಕ್ಯಾಟಲಾಗ್ ಬಿಟ್ಟರೆ ಬೇರೇನನ್ನೂ ಓದುವವರಲ್ಲ ಎಂಬ ಧೈರ್ಯದ ಮೇಲೆ.

ನಮ್ಮ ತವರು ಸವಳಂಗ. ನನ್ನನ್ನು ಕೊಟ್ಟಿದ್ದು ಕತ್ತಲಗೆರೆಗೆ. ನಾನು ಮನೆಯಲ್ಲೇ ಮಿಷನ್ ಇಟ್ಟುಕೊಂಡು ಬ್ಲೌಸು, ಚೂಡಿದಾರ ಹೊಲಿಯುತ್ತೇನೆ. ನಮ್ಮ ಯಜಮಾನರು ಗೂಡ್ಸ್ ಆಟೊ ಓಡಿಸುತ್ತಾರೆ. ತಂಗಿ ನನಗಿಂತ ಹನ್ನೆರಡು ವರ್ಷ ಚಿಕ್ಕವಳು. ಅವಳು ಹುಟ್ಟಿದಾಗ ನಾನು ಏಳನೇ ಕ್ಲಾಸು. ಅವ್ವ ಕೂಲಿಗೆ ಹೋಗಬೇಕಿತ್ತು, ಕೂಸು ನನ್ನ ಸೊಂಟಕ್ಕೆ ಬಂತು, ನಾನು ಶಾಲೆ ಬಿಟ್ಟೆ. ನಿಜ ಹೇಳಬೇಕೆಂದರೆ ಲೆಕ್ಕದ ಮೇಷ್ಟ್ರಿಂದ ತಪ್ಪಿಸಿಕೊಂಡೆನೆಂದು ನನಗೆ ಒಳಗೊಳಗೆ ಖುಷಿಯೇ ಆಗಿತ್ತು. ಆದರೆ ಮನೆಯಲ್ಲಿ ಈ ಕಥೆ ವರ್ಷದಿಂದ ವರ್ಷಕ್ಕೆ ಬೆಳೆದು, ನಾನು ತಂಗಿಗಾಗಿ ಓದನ್ನೇ ಬಿಟ್ಟುಕೊಟ್ಟ ಅಕ್ಕನಾದೆ. ಯಾರೂ ನನ್ನನ್ನು ಕೇಳಲಿಲ್ಲ, ನಾನೂ ತಿದ್ದಲಿಲ್ಲ. ತಂಗಿ ಆ ಕಥೆಯನ್ನು ನಂಬಿಕೊಂಡೇ ಡಿಗ್ರಿ ಮುಗಿಸಿದಳು.

ಅವಳಿಗೆ ಗೊತ್ತಾದ ಗಂಡು ಜಗಳೂರು ತಾಲ್ಲೂಕಿನ ಸೊಕ್ಕೆಯವರು. ಜಗಳೂರಿನಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ. ಸುಟ್ಟುಹೋದ ಬೋರ್‌ವೆಲ್ ಮೋಟಾರು ಬಿಚ್ಚಿ, ತಾಮ್ರದ ತಂತಿ ಸುತ್ತಿ, ಮತ್ತೆ ಜೀವ ತುಂಬುವ ಕೆಲಸ. ಮೆತ್ತಗಿನ ಮನುಷ್ಯ, ಮಾತು ಕಡಿಮೆ. ಅವ್ವ ಅವರನ್ನು ಅಳಿಯಂದಿರು ಎನ್ನುತ್ತಾಳೆ. ಕೇಳಿ ಕೇಳಿ ನನ್ನ ಬಾಯಿಗೂ ಅದೇ ಬಂದಿದೆ. ಅವರು ಪಂಪ್‌ಸೆಟ್ಟುಗಳನ್ನೂ ಮಾರುತ್ತಿದ್ದರಿಂದ, ಕಂಪನಿಯವರು ಅಂಗಡಿಯವರನ್ನೆಲ್ಲ ಅಂಡಮಾನಿಗೆ ಕರೆದೊಯ್ಯುವ ಪ್ರವಾಸದಲ್ಲಿ ಇವರಿಗೂ ಗಂಡ ಹೆಂಡತಿ ಇಬ್ಬರ ಟಿಕೆಟ್ ಬಂದಿತ್ತು. ದಿನವನ್ನು ಕಂಪನಿಯೇ ಗೊತ್ತುಮಾಡಿತ್ತು. ಹೊನ್ನಾಳಿಯ ಕಲ್ಯಾಣ ಮಂಟಪದಲ್ಲಿ ಮದುವೆ ಮುಗಿದ ನಾಲ್ಕನೆಯ ದಿನಕ್ಕೆ ಸರಿಯಾಗಿ ಅದು ಬಂದುಬಿಟ್ಟಿತು.

ಅಲ್ಲಿಂದ ಶುರುವಾಯಿತು. ನಮ್ಮ ಕಡೆ ಮದುಮಗಳನ್ನು ಮೊದಲ ಸಲ ಗಂಡನ ಮನೆಗೆ ಒಬ್ಬಳನ್ನೇ ಕಳಿಸುವುದಿಲ್ಲ. ತವರಿನ ಹೆಣ್ಣೊಬ್ಬಳು ಹಿಂದೆ ಹೋಗಿ, ನಾಲ್ಕು ದಿನ ಇದ್ದು, ಹುಡುಗಿಗೆ ಹೊಸ ಮನೆಯ ಬೆರಗು ಇಳಿದ ಮೇಲೆ ಬರುತ್ತಾಳೆ. ಈಗ ಹುಡುಗಿ ಗಂಡನ ಜೊತೆ ಮೊದಲ ಸಲ ಹೊರಟಿರುವುದು ಮನೆಗಲ್ಲ, ಅಂಡಮಾನಿಗೆ. ಅವ್ವ ಬೀಗರ ಮುಂದೆಯೇ ಕೇಳಿದಳು: "ಗಂಡನ ಮನೆಗೇ ಒಬ್ಳನ್ನ ಕಳ್ಸಲ್ಲ ನಾವು. ಸಮುದ್ರಕ್ಕೆ ಹೆಂಗೆ ಕಳ್ಸಾಕೆ ಆಗ್ತೈತೆ?"

ಬೀಗಿತ್ತಿಯೂ ಹೌದೆಂದರು. ಅಲ್ಲಿ ನೀರು ಹೇಗೋ, ಮೀನು ತಿನ್ನುವ ಜನ ಹೇಗೋ, ಹಿರಿಯಳೊಬ್ಬಳು ಜೊತೆಗಿರಲಿ ಎಂದರು. ಅಳಿಯಂದಿರು ಗೋಡೆಯ ಕ್ಯಾಲೆಂಡರ್ ನೋಡುತ್ತ ನಿಂತರು. ತಂಗಿ ನನ್ನನ್ನು ನೋಡಿದಳು. ಅಕ್ಕ, ನೀನೊಂದು ಮಾತು ಹೇಳು ಎಂಬ ನೋಟ ಅದು. ಅವ್ವನನ್ನು ನಗಿಸಿ ಮಾತು ಮರೆಸಬಲ್ಲವಳು ಆ ಮನೆಯಲ್ಲಿ ನಾನೊಬ್ಬಳೇ. ಎಷ್ಟೋ ಸಲ ಹಾಗೆ ಮಾಡಿದ್ದೇನೆ ಕೂಡ.

ನಾನು ಹೇಳಿದ್ದು, "ಪದ್ಧತಿ ಅಂದ್ಮೇಲೆ ಪದ್ಧತಿ ಬಿಡವ್ವ."

ಏಕೆಂದರೆ ನಾನು ಸಮುದ್ರ ನೋಡಿರಲಿಲ್ಲ. ನಾನು ಕಂಡ ದೊಡ್ಡ ನೀರೆಂದರೆ ಚನ್ನಗಿರಿ ಕಡೆಯ ಸೂಳೆಕೆರೆ. ಅದರಾಚೆಗೆ ಗುಡ್ಡ ಕಾಣುತ್ತದೆ. ಆಚೆ ದಡವೇ ಇಲ್ಲದ ನೀರು ಹೇಗಿರಬಹುದು ಎಂದು ಮಿಷನ್ ತುಳಿಯುತ್ತ ಎಷ್ಟೋ ಸಲ ಯೋಚಿಸಿದ್ದೆ. ನನ್ನ ಟಿಕೆಟ್ಟನ್ನು ನಮ್ಮ ಯಜಮಾನರು ತೆಗೆಸಿದರು. "ನಾವಂತೂ ಹನಿಮೂನಿಗೆ ಹೋಗ್ಲಿಲ್ಲ, ನೀನಾದ್ರೂ ಹೋಗಿ ಬಾ" ಎಂದರು. ನಕ್ಕೆ. ಆ ಮಾತಿನೊಳಗಿನ ಮೊನಚನ್ನು ಸರಿಯಾಗಿ ಕೇಳಿಸಿಕೊಂಡಿದ್ದರೆ ಅಲ್ಲೇ ನಿಲ್ಲುತ್ತಿದ್ದೆ.

ಹೊರಡುವ ಮೊದಲು ತಂಗಿ ಇನ್ನೊಂದು ಗುಟ್ಟಿನ ಕೆಲಸ ಹೇಳಿದ್ದಳು. ಫೋನಿನಲ್ಲಿ ಒಂದು ಚಿತ್ರ ತೋರಿಸಿ, ಮೊಣಕಾಲಿನವರೆಗಿನ ಫ್ರಾಕು ಬೇಕೆಂದಳು. ನೀಲಿ ಬಟ್ಟೆ ತಂದು ಎರಡು ದಿನ ಕೂತು ಹೊಲಿದೆ. ಅವ್ವ ಕೇಳಿದಾಗ ಲಂಗ ಎಂದೆ. ಸೊಂಟದ ಹತ್ತಿರ ಮೂರು ಸಲ ಬಿಚ್ಚಿ ಹೊಲಿದೆ. ನಾನು ಹೊಲಿದವುಗಳಲ್ಲೆಲ್ಲ ಅದರಷ್ಟು ಚೆಂದದ್ದು ಇನ್ನೊಂದಿಲ್ಲ.

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಮೊದಲ ತೊಡಕು ಬಂತು. ಅವ್ವ ತಂಗಿಯ ಉಡಿಗೆ ಅಕ್ಕಿ, ಬೆಲ್ಲ, ಎರಡು ಕೊಬ್ಬರಿ ಬಟ್ಟಲು ಹಾಕಿ ಕಳಿಸಿದ್ದಳು. ಚೀಲ ನೋಡುವವರು ಕೊಬ್ಬರಿಯನ್ನು ಹೊರಗೆ ತೆಗೆದು, ಇದಕ್ಕೆ ಬೆಂಕಿ ಹತ್ತುತ್ತದೆ, ವಿಮಾನಕ್ಕೆ ಬಿಡುವುದಿಲ್ಲ ಎಂದರು. ಉಡಿಯ ಕೊಬ್ಬರಿಯನ್ನು ಕಸದ ಡಬ್ಬಿಗೆ ಹಾಕುವುದೆಂದರೆ ತಂಗಿಯ ಕಣ್ಣಲ್ಲಿ ಆಗಲೇ ನೀರು. ಆಗ ಅಳಿಯಂದಿರು ನಮ್ಮೆದುರು ಮೊದಲ ಸಲ ಬಾಯಿಬಿಟ್ಟರು. "ತಿಂದು ಮುಗ್ಸಿದ್ರೆ ಬೆಂಕಿ ಹತ್ತಲ್ಲ ಅಲ್ವಾ ಸಾರ್?"

ಮೂವರೂ ಪಕ್ಕದ ಬೆಂಚಿನಲ್ಲಿ ಕೂತು ಬೆಲ್ಲದ ಜೊತೆ ಎರಡು ಬಟ್ಟಲು ಕೊಬ್ಬರಿಯನ್ನೂ ಅಗಿದು ಮುಗಿಸಿದೆವು. ದವಡೆ ನೋಯುವಷ್ಟು. ತಂಗಿ ನಗತೊಡಗಿದಳು. ಅಳಿಯಂದಿರು ಅವಳ ನಗುವನ್ನು ಕದ್ದು ನೋಡಿದರು. ಇವರಿಬ್ಬರದು ಚೆನ್ನಾಗಿ ನಡೆಯುತ್ತದೆ ಎಂದು ನನಗೆ ಆಗಲೇ ಅನ್ನಿಸಿತು. ನಡೆಯಲಿಕ್ಕೆ ನಾನು ಜಾಗ ಬಿಡಬೇಕಿತ್ತು, ಅಷ್ಟೇ.

ವಿಮಾನದಲ್ಲಿ ಕಿಟಕಿ ಸೀಟಿನಲ್ಲಿ ನಾನು ಕೂತೆ. ತಂಗಿ ನನ್ನ ಭುಜದ ಮೇಲಿಂದ ಇಣುಕಿದಳು, ಅವಳ ಗಂಡ ಅವಳ ಭುಜದ ಮೇಲಿಂದ. ನೀಲಿಯೊಳಗೆ ಹಸಿರು ದ್ವೀಪಗಳು ಕಂಡಾಗ ನಾನು ಗಾಜಿಗೆ ಮುಖ ಒತ್ತಿ ಹಿಡಿದೆ. ನನ್ನ ತಲೆಯ ಆಚೀಚೆ ಸೋರಿದಷ್ಟು ಸಮುದ್ರ ಮಾತ್ರ ಅವರ ಪಾಲಿಗೆ ಬಂತು.

ಹೋಟೆಲಿನಲ್ಲಿ ರೂಮು ಒಂದೇ. ಬಾಗಿಲು ತೆಗೆದರೆ ಮಂಚದ ಮೇಲೆ ಕೆಂಪು ಹೂವಿನ ಪಕಳೆಗಳನ್ನು ಹರಡಿ ಇಟ್ಟಿದ್ದರು. ನಡುವೆ ಟವೆಲುಗಳನ್ನು ಮಡಚಿ ಎರಡು ಹಂಸ ಮಾಡಿ, ಕೊಕ್ಕಿಗೆ ಕೊಕ್ಕು ತಾಗಿಸಿ ಕೂರಿಸಿದ್ದರು. ಹೂವು ಕಾಲಿಗೆ ಸಿಕ್ಕಿ ತುಳಿದರೆ ಪಾಪ ಎಂದು ನಾನು ಎಲ್ಲವನ್ನೂ ಬಳಿದು ಒಂದು ಕವರಿಗೆ ತುಂಬಿದೆ. ಒಂದು ಹಂಸವನ್ನು ಬಿಚ್ಚಿ ಕಾಲು ಒರೆಸಿಕೊಂಡೆ. ತಿರುಗಿ ನೋಡಿದರೆ ಅಳಿಯಂದಿರು ಬಾಗಿಲಲ್ಲಿ ಸೂಟ್‌ಕೇಸ್ ಹಿಡಿದು ನಿಂತಿದ್ದರು. ಉಳಿದ ಒಂಟಿ ಹಂಸವನ್ನು ನೋಡಿದರು, ನನ್ನನ್ನು ನೋಡಿದರು. "ಅಕ್ಕಾರೆ, ಸುಸ್ತಾಗೈತೆ, ನೀವು ಮಲ್ಗಿರಿ" ಎಂದು ಸೂಟ್‌ಕೇಸ್ ಒಳಗಿಟ್ಟು ಹೋದರು. ಟೂರಿನ ಮೇಲ್ವಿಚಾರಣೆಗೆ ಬಂದಿದ್ದ ಒಬ್ಬಂಟಿ ಮನುಷ್ಯನ ರೂಮಿನಲ್ಲಿ ಅವರ ವಾಸ್ತವ್ಯವಾಯಿತು. ಮಂಚದ ಮೇಲೆ ತಂಗಿಯೂ ನಾನೂ.

ಸಂಜೆ ದಂಡೆಗೆ ಹೋದೆವು. ಸಮುದ್ರವನ್ನು ಹೇಗೆ ಹೇಳಲಿ? ನಾನು ಮೊದಲು ನೋಡಿದ್ದು ಆಚೆ ದಡವನ್ನು. ನಿಜವಾಗಿಯೂ ಇರಲಿಲ್ಲ. ಅಳಿಯಂದಿರು ಸ್ವಲ್ಪ ಹೊತ್ತು ನೋಡಿ, "ಇಷ್ಟು ನೀರಿಗೆ ಎಷ್ಟು ಎಚ್‌ಪಿ ಮೋಟಾರು ಬೇಕಾಗ್ಬಹುದು" ಎಂದರು. ತಂಗಿ ನಕ್ಕು, ಮೊದಲು ಕರೆಂಟು ಎಲ್ಲಿಂದ ಎಳೀತೀರಿ ಎಂದು ಕೇಳಿದಳು. ಅವರು ಉತ್ತರ ಹೇಳುವಷ್ಟರಲ್ಲಿ ನಾನು ಸೀರೆ ಎತ್ತಿ ಕಟ್ಟಿ ನೀರಿಗಿಳಿದಿದ್ದೆ. ನಾನು ಬೀಳುತ್ತೇನೆಂದು ಹೆದರಿ ಇಬ್ಬರೂ ಓಡಿ ಬಂದು ಆ ಕೈ ಒಬ್ಬರು, ಈ ಕೈ ಒಬ್ಬರು ಹಿಡಿದರು. ಹೊಸ ಗಂಡ ಹೆಂಡತಿ, ಮೊದಲ ಸಂಜೆ, ಸಮುದ್ರದ ದಂಡೆ. ಇಬ್ಬರೂ ಹಿಡಿದದ್ದು ನನ್ನ ಕೈಯನ್ನು.

ಫ್ರಾಕು ಹಾಕಿಕೊಳ್ಳೇ ಎಂದು ಅವಳಿಗೆ ಹೇಳಿದ್ದೆ. ತಲೆ ಅಲ್ಲಾಡಿಸಿದಳು. "ನೀನು ಹೊಲ್ದಿದ್ದು ಬೇರೆ ಅಕ್ಕ, ನೀನು ನೋಡಾದು ಬೇರೆ."

ಇಲ್ಲಿಯವರೆಗೆ ನಡೆದದ್ದನ್ನು ದಡ್ಡತನ ಎನ್ನಬಹುದು. ಇನ್ನು ಮುಂದಿನದು ಹಾಗಲ್ಲ.

ಎರಡನೆಯ ದಿನ ಬೆಳಿಗ್ಗೆ ಒಂದು ಬೋಟು ಗೊತ್ತಾಗಿತ್ತು. ಅದರ ತಳ ಗಾಜಿನದು. ಪಕ್ಕದ ಸಣ್ಣ ದ್ವೀಪಕ್ಕೆ ಹೋಗುವಾಗ ಕೂತಲ್ಲಿಂದಲೇ ಕೆಳಗೆ ಬಣ್ಣದ ಮೀನು, ಹವಳ ಎಲ್ಲ ಕಾಣುತ್ತದಂತೆ. ಮದುವೆಗೆ ಮೊದಲು ಫೋನಿನಲ್ಲಿ ಮಾತಾಡುವಾಗ ಅವರಿಬ್ಬರೂ ಹೆಚ್ಚು ಮಾತಾಡಿದ್ದು ಈ ಬೋಟಿನ ಬಗ್ಗೆಯೇ ಎಂದು ತಂಗಿ ಹೇಳಿದ್ದಳು. ಕಂಪನಿ ಕೊಟ್ಟಿದ್ದು ಎರಡು ಸೀಟು; ಮೂರನೆಯದು ಖಾಲಿ ಇರಲಿಲ್ಲ. ತಂಗಿ ಜಡೆ ಹಾಕಿಕೊಂಡು, ಕೈಚೀಲದಲ್ಲಿ ಆ ನೀಲಿ ಫ್ರಾಕನ್ನು ಮಡಚಿ ಇಟ್ಟುಕೊಂಡು, ಹೆದರಿ ಹೆದರಿ ಕೇಳಿದಳು. "ಅಕ್ಕ, ನೀನು ರೂಮಲ್ಲಿ ಇರ್ತೀಯಾ? ಸಂಜೆ ಮುಂದೆ ಬಂದ್ಬಿಡ್ತೀವಿ."

ಇರುತ್ತೇನೆ ಹೋಗಿ ಬನ್ನಿ ಎನ್ನಲು ಬಾಯಿ ತೆಗೆದೆ. ಬರಲಿಲ್ಲ. ಭಾಷೆ ಬಾರದ ಊರಲ್ಲಿ ಒಬ್ಬಳೇ ಇರುವ ಭಯ ಸ್ವಲ್ಪ ಇತ್ತು. ಆದರೆ ಅದೇ ದೊಡ್ಡದಲ್ಲ. ನನ್ನ ಸೆರಗು ಹಿಡಿದುಕೊಳ್ಳದೆ ನಿದ್ದೆ ಮಾಡದಿದ್ದ ಹುಡುಗಿ ಈಗ ನನ್ನನ್ನು ಬಿಟ್ಟು ಹೋಗಲು ಒಪ್ಪಿಗೆ ಕೇಳುತ್ತಿದ್ದಳು. ನಾನು ಮೆಟ್ಟಿಲ ಮೇಲೆ ಕೂತು ತಲೆ ಹಿಡಿದುಕೊಂಡೆ.

"ತಲೆ ಯಾಕೋ ಸುತ್ತಾಕೆ ಹತ್ತೈತೆ ಕಣೇ."

ಅಷ್ಟೇ ಹೇಳಿದ್ದು. ತಲೆ ನೆಟ್ಟಗೇ ಇತ್ತು.

ಮುಂದಿನದೆಲ್ಲ ತಾನಾಗಿಯೇ ನಡೆಯಿತು. ಬೋಟಿನ ಹೊತ್ತು ಮೀರಿತು. ನನ್ನನ್ನು ಮಂಚಕ್ಕೆ ಸಾಗಿಸಿದರು. ಅಳಿಯಂದಿರು ಓಡಿದರು. ನಿಂಬೆಹಣ್ಣು ತಂದರು, ಎಳನೀರು ತಂದರು, ಮೆಡಿಕಲ್ ಸ್ಟೋರಿಗೆ ಹೋಗಿ ಕೈಸನ್ನೆಯಲ್ಲೇ ನನ್ನ ತಲೆ ಸುತ್ತುವುದನ್ನು ಅಭಿನಯಿಸಿ ತೋರಿಸಿ ಓಆರ್‌ಎಸ್ ಪುಡಿ ತಂದರು. ನೀರು ಕದಡಿ, ಲೋಟವನ್ನು ನನ್ನ ಬಾಯಿಗೆ ಹಿಡಿದು, "ಅಕ್ಕಾರೆ, ಒಂದ್ ಗುಟುಕು. ಇನ್ನೊಂದ್ ಗುಟುಕು" ಎಂದರು. ತಂಗಿ ಪಾದ ಒತ್ತುತ್ತ ಕೂತಳು. ಫ್ಯಾನು ಜೋರಾದರೆ ಕಡಿಮೆ ಮಾಡಿದರು, ಬೆಳಕು ಕಣ್ಣಿಗೆ ಬಿದ್ದರೆ ಪರದೆ ಎಳೆದರು.

ನನ್ನ ಮನೆಯಲ್ಲಿ ನಾನು ಕಾಯಿಲೆ ಬಿದ್ದರೂ ಎದ್ದು ಒಲೆ ಹಚ್ಚಿಯೇ ಮಲಗುವುದು. ಯಾರದೂ ತಪ್ಪಲ್ಲ, ಹಾಗೆ ರೂಢಿಯಾಗಿದೆ. ಲೋಟವನ್ನು ಯಾರಾದರೂ ನನ್ನ ಬಾಯಿಯವರೆಗೆ ತಂದದ್ದು ನೆನಪಿರಲಿಲ್ಲ. ಅರ್ಧ ತಾಸಿಗೆ ಏಳೋಣ ಎಂದುಕೊಂಡವಳು ಇನ್ನರ್ಧ ತಾಸು ಇರಲಿ ಎಂದೆ. ಊಟದ ಹೊತ್ತಿಗೆ ಏಳೋಣ ಎಂದೆ. ಊಟದ ಹೊತ್ತಿಗೆ ಎಲ್ಲಿಂದಲೋ ಗಂಜಿ ಮಾಡಿಸಿ ತಂದುಬಿಟ್ಟರು.

ಆ ಗಂಜಿಯೇ ನನಗೆ ಫಜೀತಿ ತಂದಿಟ್ಟದ್ದು. ನನಗೆ ಹಸಿವು. ಕಾಯಿಲೆ ಇಲ್ಲದವಳಿಗೆ ಒಂದು ಬಟ್ಟಲು ತಿಳಿ ಗಂಜಿ ಎಲ್ಲಿ ಸಾಕಾಗುತ್ತದೆ? ಮಂಚದ ಕೆಳಗೆ ಊರಿಂದ ತಂದ ಖಾರ ಮಂಡಕ್ಕಿಯ ಡಬ್ಬಿ ಇತ್ತು. ಮಧ್ಯಾಹ್ನ ನಾನು ನಿದ್ದೆ ಹೋದಂತೆ ಕಣ್ಣು ಮುಚ್ಚಿದಾಗ ಇಬ್ಬರೂ ಸದ್ದಿಲ್ಲದೆ ಹೊರಗೆ ಹೋಗಿ, ಕಿಟಕಿಯ ಕೆಳಗಿನ ಮೆಟ್ಟಿಲ ಮೇಲೆ ಕೂತರು. ನಾನು ಬಾಗಿ ಡಬ್ಬಿ ಎಳೆದು, ಮುಚ್ಚಳ ತೆಗೆದು, ಒಂದು ಹಿಡಿ ಮಂಡಕ್ಕಿ ಬಾಯಿಗೆ ಹಾಕಿಕೊಂಡೆ.

ಮಂಡಕ್ಕಿ ಅಗಿದರೆ ಸದ್ದಾಗುತ್ತದೆ ಎಂಬುದು ಹಾಕಿಕೊಂಡ ಮೇಲೆ ಹೊಳೆಯಿತು. ಮೆತ್ತಗಾಗಲಿ ಎಂದು ತುಂಬಿದ ಬಾಯಲ್ಲಿ ಹಾಗೇ ಇಟ್ಟುಕೊಂಡು ಮಲಗಿದೆ. ಆಗ ಕಿಟಕಿಯಿಂದ ಅಳಿಯಂದಿರ ದನಿ ಬಂತು. ಸಿಟ್ಟಿನಿಂದಲ್ಲ, ಮೋಟಾರಿನಲ್ಲಿ ದೋಷ ಎಲ್ಲಿದೆ ಎಂದು ಹುಡುಕುವವರ ಹಾಗೆ ನಿಧಾನವಾಗಿ ಹೇಳುತ್ತಿದ್ದರು.

"ನೀನು ಬೇಜಾರು ಮಾಡ್ಕಬೇಡ. ಅಕ್ಕಾರ್ಗೆ ನಾವು ಬಿಟ್ಟು ಹೋಗಾದು ಇಷ್ಟ ಇರ್ಲಿಲ್ಲೇನೋ. ಅದ್ಕೇ ಏನಾದ್ರೂ…"

ತಂಗಿ ಅವರ ಮಾತು ಮುಗಿಯಲು ಬಿಡಲಿಲ್ಲ. "ನಮ್ಮಕ್ಕಂಗೆ ಸುಳ್ಳು ಹೇಳಾಕೆ ಬರಲ್ಲ ರೀ. ನನ್ ಸಲುವಾಗಿ ಇಸ್ಕೂಲು ಬಿಟ್ಟೋಳು ಅವ್ಳು. ಒಂದು ಬೋಟಿನ ಸಲುವಾಗಿ ಹಂಗೆ ಮಾಡ್ತಾಳಾ?"

ಅಳಿಯಂದಿರು ತಪ್ಪಾಯ್ತು ಎಂದರು. ಅವರ ಮೊದಲ ಜಗಳ ಅದು, ಮೊದಲ ರಾಜಿಯೂ. ಎರಡೂ ನನ್ನ ಸುಳ್ಳಿನ ಮೇಲೆ.

ಬಾಯಲ್ಲಿನ ಮಂಡಕ್ಕಿ ಅಗಿಯುವಂತಿಲ್ಲ, ನುಂಗುವಂತಿಲ್ಲ, ಉಗುಳುವಂತಿಲ್ಲ. ಮೆಣಸಿನಪುಡಿ ಗಂಟಲಿಗೆ ಇಳಿದು ಕಣ್ಣಲ್ಲಿ ನೀರು ಬಂತು. ಅಷ್ಟರಲ್ಲಿ ಅಳಿಯಂದಿರು ಒಳಗೆ ಬಂದು ನನ್ನ ಮುಖ ನೋಡಿದರು. ನನ್ನನ್ನು ಅನುಮಾನಿಸಿದ್ದಕ್ಕೆ ಅವರ ಮುಖ ಮೊದಲೇ ಸಣ್ಣಗಾಗಿತ್ತು, ಈಗ ಕಣ್ಣೀರು ಬೇರೆ ಕಂಡಿತು. ಟವೆಲನ್ನು ಒದ್ದೆ ಮಾಡಿ ತಂದು ಹಣೆಯ ಮೇಲೆ ಹಾಕಿ, ಒಂದು ರಟ್ಟಿನಿಂದ ಗಾಳಿ ಹಾಕುತ್ತ ಕೂತರು. ಆ ಟವೆಲು ಉಳಿದಿದ್ದ ಎರಡನೆಯ ಹಂಸ.

ಎದ್ದು ಕೂತು ನಿಜ ಹೇಳಲು ಅದೇ ಸರಿಯಾದ ಹೊತ್ತು. ನಾನು ಕಣ್ಣು ಮುಚ್ಚಿದೆ.

ಮರುದಿನ ಬೆಳಕು ಹರಿಯುವ ಮೊದಲೇ ಎದ್ದು ಸ್ನಾನ ಮಾಡಿ, ನನಗೆ ಪೂರ್ತಿ ವಾಸಿಯಾಯಿತು, ಇವತ್ತೇ ಬೋಟಿಗೆ ಹೋಗಿ ಎಂದು ಇಬ್ಬರನ್ನೂ ಎಬ್ಬಿಸಿ ಹೊರಡಿಸಿದೆ. ಬೋಟು ಹತ್ತುವ ಜೆಟ್ಟಿಗೆ ಹೋದರೆ ಕೆಂಪು ಬಾವುಟ ಹಾರುತ್ತಿತ್ತು. ಗಾಳಿ ಎದ್ದಿದೆ, ಇವತ್ತು ಯಾವ ಬೋಟೂ ಬಿಡುವುದಿಲ್ಲ ಎಂದರು. ಬೋಟಿನವನು ಹಿಂದಿಯಲ್ಲಿ ಏನೋ ಹೇಳಿದ. ತಂಗಿ ನನಗೆ ಕನ್ನಡದಲ್ಲಿ ತಿಳಿಸಿದಳು: ನಿನ್ನೆ ನೀರು ಕನ್ನಡಿ ಇದ್ದ ಹಾಗಿತ್ತಂತೆ, ಅಂಥ ದಿನ ಅಪರೂಪವಂತೆ. ಮಾರನೆಯ ದಿನ ನಮ್ಮದು ವಾಪಸ್ ವಿಮಾನ.

ಆ ದಿನ ನಾನು ಮಾಡಬಹುದಾದ ಕೆಲಸ ಒಂದೇ ಉಳಿದಿತ್ತು. ದಂಡೆಯ ಮೇಲೆ ಎಳನೀರು ಮಾರುವ ಹೆಂಗಸೊಬ್ಬಳ ಪಕ್ಕ ಕೂತು, ನಾನು ಚಪ್ಪಲಿ ಕಾಯುತ್ತೇನೆ, ನೀವು ಎಷ್ಟು ದೂರವಾದರೂ ನಡೆದು ಬನ್ನಿ ಎಂದೆ. ತಂಗಿ ಹತ್ತಿರ ಬಂದು ಕಿವಿಯಲ್ಲಿ, "ನೀನು ತಿರುಗಿ ನೋಡಲ್ಲ ತಾನೆ?" ಎಂದಳು. ಕುತ್ತಿಗೆ ಮುಟ್ಟಿ ಆಣೆ ಮಾಡಿದೆ. ಅವಳು ಅಲ್ಲಿದ್ದ ಬಟ್ಟೆ ಬದಲಿಸುವ ಗುಡಿಸಲಿಗೆ ಹೋಗಿ ಬಂದಳು. ನಾನು ಸಮುದ್ರಕ್ಕೆ ಬೆನ್ನು ಹಾಕಿ, ರಸ್ತೆಯ ಕಡೆ ಮುಖ ಮಾಡಿ, ಎರಡು ಜೊತೆ ಚಪ್ಪಲಿಯನ್ನು ಮಡಿಲ ಪಕ್ಕ ಇಟ್ಟುಕೊಂಡು ಕೂತೆ.

ಸಮುದ್ರ ನೋಡಲೆಂದೇ ಬಂದವಳು ಇಡೀ ಹೊತ್ತು ನೋಡಿದ್ದು ನಿಂತಿದ್ದ ಮೂರು ಆಟೊಗಳನ್ನು. ಬೆನ್ನ ಹಿಂದೆ ಅಲೆಯ ಸದ್ದು, ಅದರೊಳಗೆ ತಂಗಿಯ ನಗು, ದೂರವಾಗುತ್ತ ಹೋಗಿ ಕೇಳಿಸದಂತಾಯಿತು. ಫ್ರಾಕಿನ ಸೊಂಟ ಸರಿಯಾಗಿ ಕೂತಿದೆಯೋ, ಹಿಂದೆ ಎಳೆಯುತ್ತಿದೆಯೋ ನೋಡಬೇಕೆಂದು ಜೀವ ತಹತಹಿಸಿತು. ಹೊಲಿದವರಿಗೆ ಗೊತ್ತು ಆ ಸಂಕಟ. ಎಳನೀರಿನ ಹೆಂಗಸು ನನ್ನನ್ನೂ ಸಮುದ್ರವನ್ನೂ ತೋರಿಸಿ, ಯಾಕೆ ಹೀಗೆ ಕೂತಿದ್ದೀ ಎಂದು ಕೈಯಲ್ಲೇ ಕೇಳಿದಳು. ನಾನು ಎರಡು ಬೆರಳು ಜೋಡಿಸಿ ತೋರಿಸಿ, ಆಮೇಲೆ ಮೂರನೆಯ ಬೆರಳನ್ನು ಮಡಚಿದೆ. ಅವಳು ನಕ್ಕು ಒಂದು ಎಳನೀರು ಕೊಚ್ಚಿ ಕೊಟ್ಟಳು.

ಅವರು ಬರುವಾಗ ತಂಗಿ ಮತ್ತೆ ಚೂಡಿದಾರದಲ್ಲಿದ್ದಳು. ಅವಳ ಮೇಲೆ ಆ ಫ್ರಾಕನ್ನು ನಾನು ಇವತ್ತಿಗೂ ನೋಡಿಲ್ಲ.

ಊರಿಗೆ ಬಂದ ಮೇಲೆ ನನ್ನ ಸುಳ್ಳು ಅಲ್ಲಿಗೇ ಮುಗಿಯಿತೆಂದುಕೊಂಡಿದ್ದೆ. ಆದರೆ ಮಾತೇ ಆಡದ ಅಳಿಯಂದಿರಿಗೆ ಹೇಳಲು ಒಂದು ಕಥೆ ಸಿಕ್ಕಿತ್ತು. ಅಂಡಮಾನಿನಲ್ಲಿ ಅಕ್ಕನನ್ನು ಉಳಿಸಿದ ಕಥೆ. ಮೊದಲ ಸಲ ಹೇಳಿದಾಗ ನನಗೆ ತಲೆ ಸುತ್ತಿತ್ತು, ಅಷ್ಟೇ. ಯುಗಾದಿಯ ಹೊತ್ತಿಗೆ ನಾನು ಎಚ್ಚರ ತಪ್ಪಿದ್ದೆ. ಅವರ ಮಗುವಿನ ನಾಮಕರಣದಲ್ಲಿ ನನ್ನ ಕೈಕಾಲು ತಣ್ಣಗಾಗಿದ್ದವು, ಮತ್ತು ನಾನು ಕಂಡೇ ಇರದ ಒಬ್ಬ ಡಾಕ್ಟರು ಬಂದು "ಇನ್ನರ್ಧ ಗಂಟೆ ತಡ ಆಗಿದ್ರೆ ಕಷ್ಟ ಇತ್ತು" ಎಂದಿದ್ದರು. ಸೊಕ್ಕೆಯಲ್ಲಿ ಈಗ ನನ್ನನ್ನು ಬಿಸಿಲಿಗೆ ನಿಲ್ಲಲು ಬಿಡುವುದಿಲ್ಲ. ನಾನು ಹೋದರೆ ಬೀಗಿತ್ತಿ ಮೊದಲು ಕುರ್ಚಿ ಹಾಕಿ, ಆಮೇಲೆ ನಿಂಬೆ ಶರಬತ್ತು ಕೊಟ್ಟು, ಆಮೇಲೆ ಚೆನ್ನಾಗಿದ್ದೀಯಾ ಎಂದು ಕೇಳುತ್ತಾರೆ. ನನಗಿಂತ ಹಿರಿಯರಾದವರು ಎದ್ದು ಜಾಗ ಬಿಡುತ್ತಾರೆ. ನಾಲ್ಕು ಜನರ ನಡುವೆ ಕೂತು, ನಾನು ಸಾಯಲಿಲ್ಲ ಎಂಬುದನ್ನು ತಲೆ ತಗ್ಗಿಸಿ ಕೇಳಿಸಿಕೊಳ್ಳುವುದು ನನ್ನ ಪಾಡಾಯಿತು.

ಹೀಗೆ ಮೂರು ವರ್ಷ. ಈಚೆಗೆ ತಂಗಿ ಬ್ಲೌಸಿನ ಅಳತೆ ಕೊಡಲು ಕತ್ತಲಗೆರೆಗೆ ಬಂದಿದ್ದಳು. ಟೇಪು ಹಿಡಿದು ತೋಳಿನ ಅಳತೆ ತೆಗೆಯುತ್ತಿದ್ದೆ. ಅವಳು ಸುಮ್ಮನೆ, ಏನೂ ಮನಸ್ಸಿನಲ್ಲಿಟ್ಟುಕೊಳ್ಳದೆ ಹೇಳಿದಳು. "ಆ ಗಾಜಿನ ಬೋಟು ಒಂದು ನೋಡ್ಬೇಕಾಗಿತ್ತು ಅಕ್ಕ. ಈಗ್ಲೂ ಒಂದೊಂದ್ಸಲ ಕನಸಲ್ಲಿ ಬರ್ತೈತೆ. ನಾವಿಬ್ರೂ ಕೂತಿರ್ತೀವಿ, ಕೆಳಗೆ ನೋಡಿದ್ರೆ ಬರೀ ಮಣ್ಣು."

ಟೇಪು ನನ್ನ ಕೈಯಿಂದ ಜಾರಿತು. ಹೇಳಿಬಿಟ್ಟೆ. ತಲೆ ಸುತ್ತಿರಲಿಲ್ಲ ಎಂದೆ. ಗಂಜಿ, ಮಂಡಕ್ಕಿ, ಕಿಟಕಿಯಿಂದ ಕೇಳಿದ ಮಾತು, ಎಲ್ಲ. ಲೆಕ್ಕದ ಮೇಷ್ಟ್ರ ವಿಷಯವನ್ನೂ ಬಿಡಲಿಲ್ಲ. ಯಾಕೆ ಹಾಗೆ ಮಾಡಿದೆ ಎಂದು ಅವಳು ಕೇಳಿದಾಗ ಮಾತ್ರ ಸರಿಯಾಗಿ ಹೇಳಲು ಬರಲಿಲ್ಲ. "ನೀನು ಕಾಲು ಒತ್ತಾ ಇದ್ದೆ, ಅವರು ನೀರು ಕುಡ್ಸಾಕೆ ಬಂದ್ರು. ಏಳಾಕೆ ಮನಸ್ಸಾಗ್ಲಿಲ್ಲ" ಎಂದೆ.

ಅವಳು ಬಯ್ಯಲಿಲ್ಲ. ಬಗ್ಗಿ ಟೇಪು ಎತ್ತಿ ಕೊಟ್ಟು, "ಇನ್ನೊಂದು ತೋಳು ಉಳೀತು" ಎಂದಳು. ಅಳತೆ ಮುಗಿದ ಮೇಲೆ ಮಗುವನ್ನು ಎತ್ತಿಕೊಂಡು, ಊಟಕ್ಕೆ ನಿಲ್ಲದೆ ಬಸ್ಸಿಗೆ ಹೋದಳು. ಆಮೇಲೆ ಹನ್ನೊಂದು ದಿನ ಫೋನಿಲ್ಲ. ನಾನು ಮಾಡಿದರೆ ಎತ್ತಲಿಲ್ಲ. ಬ್ಲೌಸು ಹೊಲಿದು, ಹುಕ್ಕು ಹಾಕಿ, ಇಸ್ತ್ರಿ ಮಾಡಿ ಗೋಡೆಗೆ ನೇತು ಹಾಕಿದೆ. ಹಾದು ಹೋಗುವಾಗೆಲ್ಲ ಅದು ನನ್ನ ಕಡೆ ಬೆನ್ನು ಮಾಡಿಕೊಂಡ ಹಾಗೆ ಕಾಣುತ್ತಿತ್ತು.

ಹನ್ನೆರಡನೆಯ ದಿನ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಒಂದು ಪೊಟ್ಟಣ ಬಂತು. ಒಳಗೆ ನೀಲಿ ಫ್ರಾಕು. ಚೀಟಿ ಇಲ್ಲ. ಮಗುವಾದ ಮೇಲೆ ಅವಳು ಸ್ವಲ್ಪ ದಪ್ಪಗಾಗಿದ್ದಾಳೆ. ಸೊಂಟದ ಎರಡೂ ಕಡೆ ಸೀಮೆಸುಣ್ಣದಿಂದ ಗೆರೆ ಎಳೆದು ಕಳಿಸಿದ್ದಳು. ಯಾವ ಬಟ್ಟೆ ಹೊಲಿದರೂ ನಾನು ಒಳಗೆ ಎರಡು ಬೆರಳು ಬಟ್ಟೆ ಬಿಟ್ಟಿರುತ್ತೇನೆ ಎಂದು ಅವಳಿಗೆ ಗೊತ್ತು. ಬಿಚ್ಚಿ ಅಗಲ ಮಾಡಲು ಕೂತೆ. ಕೆಳಗಿನ ಮಡಿಕೆಯ ಹೊಲಿಗೆ ಒಂದು ಕಡೆ ಬಿಟ್ಟುಕೊಂಡಿತ್ತು. ಅಲ್ಲಿಂದ ಮಿಷನ್ನಿನ ಮೇಲೆ ಸಣ್ಣಗೆ ಬಿಳಿ ಮರಳು ಉದುರಿತು. ಒಂದು ಚಿಟಿಕೆಯಷ್ಟು. ಒರೆಸಿ ಹಾಕಲು ಮನಸ್ಸು ಬರಲಿಲ್ಲ. ಬಟನ್ನಿನ ಡಬ್ಬಿಗೆ ಹಾಕಿಟ್ಟೆ.

ಆ ಸಂಜೆ ಅವಳೇ ಫೋನು ಮಾಡಿದಳು. ದೀಪಾವಳಿ ಆದ ಮೇಲೆ ಅವರಿಬ್ಬರೂ ಮತ್ತೆ ಅಂಡಮಾನಿಗೆ ಹೋಗುತ್ತಾರಂತೆ, ತಮ್ಮಷ್ಟಕ್ಕೆ. ಮಗು ಅಷ್ಟು ದಿನ ನನ್ನ ಹತ್ತಿರ. ಅವ್ವ ಪದ್ಧತಿ ಗಿದ್ಧತಿ ಎಂದರೆ ನಾನೇ ಬಾಯಿ ಮುಚ್ಚಿಸಬೇಕು. ಎಲ್ಲಕ್ಕೂ ಹೂಂ ಎಂದೆ. ಅಳಿಯಂದಿರ ಕಾಲಿಗೆ ಬಿದ್ದು ನಿಜ ಹೇಳುತ್ತೇನೆ ಎಂದೂ ಹೇಳಿದೆ.

"ಅದೊಂದು ಮಾಡ್ಬೇಡ" ಎಂದಳು. "ಅವ್ರು ಜನರ ಮುಂದೆ ಬಾಯಿ ಬಿಡಾದೇ ಆ ಕಥೆ ಹೇಳಾಕೆ. ಅದ್ನ ಕಿತ್ಕೋಬೇಡ. ನೀನು ಕೂತು ಕೇಳು. ಸಾಯೋ ತನಕ ಕೇಳು."

ಹೋದ ವಾರ ಸೊಕ್ಕೆಯಲ್ಲಿ ಮಗುವಿನ ಹುಟ್ಟುಹಬ್ಬ. ನೆಂಟರೆಲ್ಲ ಪಡಸಾಲೆಯಲ್ಲಿ ಕೂತಿದ್ದರು. ನನಗೆ ಕುರ್ಚಿ ಹಾಕಿದರು, ಶರಬತ್ತು ಬಂತು. ಹೊಸಬರೊಬ್ಬರು ಯಾಕಮ್ಮ ಹುಷಾರಿಲ್ವಾ ಎಂದು ಕೇಳಿದರು. ಅಷ್ಟು ಸಾಕಾಯಿತು. ಅಳಿಯಂದಿರು ಗಂಟಲು ಸರಿಮಾಡಿಕೊಂಡು ಶುರುಮಾಡಿದರು. ಈ ಸಲ ಸಮುದ್ರದಲ್ಲಿ ಬಿರುಗಾಳಿಯೂ ಇತ್ತು. ಅವರು ಔಷಧಿಗಾಗಿ ಆ ಗಾಳಿಯಲ್ಲೇ ಓಡಿದ್ದರು. ಜನ ಬಾಯಿ ಬಿಟ್ಟುಕೊಂಡು ಕೇಳಿದರು. ಮುಗಿಸಿ, ಯಾವಾಗಿನಂತೆ ನನ್ನ ಕಡೆ ತಿರುಗಿ, "ಅಲ್ವಾ ಅಕ್ಕಾರೆ?" ಎಂದರು.

"ನೀವಿಲ್ದಿದ್ರೆ ನನ್ನ ಗತಿ ಏನಾಗ್ತಿತ್ತೋ" ಎಂದೆ. ಅದು ಸುಳ್ಳೆಂದು ಈಗಲೂ ನನಗೆ ಅನ್ನಿಸುವುದಿಲ್ಲ.

ಆಗ ಅಡುಗೆಮನೆಯಿಂದ ತಂಗಿ ಬಂದಳು. ಎಲ್ಲರ ಕೈಗೂ ಕೇಸರಿಬಾತಿನ ತಟ್ಟೆ ಕೊಟ್ಟು, ನನ್ನ ಮುಂದೆ ಮಾತ್ರ ಒಂದು ಬಟ್ಟಲು ತುಂಬ ಖಾರ ಮಂಡಕ್ಕಿ ಇಟ್ಟಳು. ನಾನು ತಲೆ ಎತ್ತಿ ನೋಡಿದೆ. ಅವಳ ಮುಖ ಗಂಭೀರವಾಗಿಯೇ ಇತ್ತು, ಮೂಗಿನ ಹೊಳ್ಳೆ ಮಾತ್ರ ನಗು ತಡೆದುಕೊಂಡಿತ್ತು.

"ತಿನ್ನಕ್ಕ" ಎಂದಳು. "ಸದ್ದಾಗ್ಲಿ ಬಿಡು."

ಒಂದು ಹಿಡಿ ಬಾಯಿಗೆ ಹಾಕಿಕೊಂಡು, ಪಡಸಾಲೆಗೆಲ್ಲ ಕೇಳುವ ಹಾಗೆ ಅಗಿದೆ.